ಇನ್ನೊಂದು ನೀರಿನ ಜೀವ

ನವೆಂಬರ್ ೧೭, ರವಿವಾರ. ಸಂಜೆ

ಮೊಣಕಾಲು ಹಿಡಿದಿದೆ. ಗುಂಜಿ ಸ್ಟೇಷನ್ನಿನಿಂದ ಹಳ್ಳದವರೆಗೆ ನಡೆದ ಫಲ. ಬಿಎಸ್ಸಿ ಎರಡನೇ ವರ್ಷದವರು ದಾರಿಯುದ್ದಕ್ಕೂ ಹುಲಿ ಹೆಜ್ಜೆ ಎಲ್ಲಿ ಸರ್ ಎಂದು ತಲೆ ತಿಂದರು. ಕಲ್ಲಿಗೆ ಹಪ್ಪಳದಂತೆ ಅಂಟಿದ ಹಸಿರು ತೋರಿಸಿ, ಇದೂ ಪ್ರಾಣಿಯೇ ಅಂದೆ. ನಕ್ಕರು. ಪಾಚಿ ಸರ್, ಅಂದರು.

ಪಾಚಿಯಲ್ಲ, ಸಿಹಿನೀರಿನ ಸ್ಪಂಜು! ಇಷ್ಟು ವರ್ಷ ಪೊರಿಫೆರಾ ಪಾಠ ಮಾಡಿದ್ದೇನೆ — ಫಾರ್ಮಲಿನ್ ಬಾಟಲಿಯೊಳಗೆ ಬಿಳಿಚಿಕೊಂಡ ಸಮುದ್ರದ ಸ್ಪಂಜು ಎತ್ತಿ ಹಿಡಿದು. ಜೀವಂತ ಕಂಡದ್ದು ಇಂದೇ ಮೊದಲು. ಮುಟ್ಟಿದರೆ ಒರಟು. ಮೂಗಿಗೆ ಹಿಡಿದರೆ ಬೆಳ್ಳುಳ್ಳಿ ವಾಸನೆ. "ಸರ್, ಬಳ್ಳೊಳ್ಳಿ ಐತ್ರಿ, ನೀವು ಜೈನರು, ಮುಟ್ಟಬ್ಯಾಡ್ರಿ" ಎಂದು ಒಬ್ಬ ಹಿಂದಿನಿಂದ ಕೂಗಿದ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಕಲ್ಲಿನ ಸಮೇತ ಬಕೆಟ್ಟಿನಲ್ಲಿ, ಹಳ್ಳದ ನೀರಿನಲ್ಲೇ ತಂದೆ. ಪ್ಯಾಸೆಂಜರಿನಲ್ಲಿ ಬೆಳಗಾವಿವರೆಗೆ ತೊಡೆಯ ಮೇಲೆ. ಈಗ ಬಾವಿಕಟ್ಟೆಯ ನೆರಳಿನಲ್ಲಿದೆ.

ಅವ್ವ ಬಗ್ಗಿ ನೋಡಿದಳು. ಕಣ್ಣಿಗೆ ಪೊರೆ ಬಂದ ಮೇಲೆ ಎಲ್ಲವನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಾಳೆ.

"ಏನೋ ತಮ್ಮಾ ಇದು?"

"ಪ್ರಾಣಿ ಐತಿ ಅವ್ವಾ."

"ಕಣ್ಣೆಲ್ಲಿ ಅದಾವು?"

"ಇಲ್ಲ."

"ಬಾಯಿ?"

"ಅದೂ ಇಲ್ಲ. ಹೊಟ್ಟಿನೂ ಇಲ್ಲ, ಎದಿನೂ ಇಲ್ಲ, ನರಾನೂ ಇಲ್ಲ."

"ಮತ್ತ ಉಣ್ಣೂದು ಹೆಂಗ?"

"ಮೈತುಂಬ ಸಣ್ಣ ಸಣ್ಣ ತೂತು ಅದಾವ. ನೀರು ಒಳಗ ಎಳಕೋತೈತಿ, ಸೋಸತೈತಿ, ದೊಡ್ಡ ತೂತಿನಾಗಿಂದ ಹೊರಗ ಬಿಡತೈತಿ."

"ನಮ್ಹಂಗ ನೀರು ಸೋಸತೈತಿ ಅನ್ನು."

"ಸೋಸೂದು ಖರೇ. ಆದ್ರ ಸೋಸಿ ಉಳದಿದ್ದನ್ನ ತಿಂದುಬಿಡತೈತಿ."

"ಪಾಪ," ಅಂದಳು. "ಅದಕ್ಕ ಹೇಳಾವ್ರು ಯಾರೂ ಸಿಕ್ಕಿಲ್ಲ."

ನವೆಂಬರ್ ೧೯, ಮಂಗಳವಾರ. ಬೆಳಿಗ್ಗೆ

ಬೆಳಿಗ್ಗೆಯೇ ಅವ್ವನ ಬೈಗುಳ. ನನಗಲ್ಲ, ಹೆಂಡತಿ ಸುಹಾಸಿನಿಗೆ. ನೀರು ಸೇದಿ, ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದದ್ದನ್ನು ಅವಸರದಲ್ಲಿ ಮೇಲಿನಿಂದಲೇ ಬಾವಿಗೆ ಕೊಡವಿದಳು. ಅಷ್ಟು ಎತ್ತರದಿಂದ ಬಿದ್ದರೆ ಅದರೊಳಗಿನ ಜೀವಗಳ ಗತಿ ಏನು? ಅದಕ್ಕೆಂದೇ ಸಣ್ಣ ಬಿಂದಿಗೆ ಇದೆ. ಕೊರಳಿಗೊಂದು ಹಗ್ಗ, ತಳದ ಕೊಂಡಿಗೆ ಇನ್ನೊಂದು. ಮೆಲ್ಲಗೆ ಇಳಿಸಬೇಕು, ನೀರು ಮುಟ್ಟಿದ ಮೇಲೆ ಬೋರಲು ಮಾಡಬೇಕು. ಯಾವ ಬಾವಿಯ ನೀರೋ ಅದೇ ಬಾವಿಗೆ. ಅವ್ವನ ಪ್ರಕಾರ ಸ್ವಂತ ಮನೆ ಬಿಟ್ಟು ಬೇರೆಯವರ ಮನೆಗೆ ನೂಕಿದರೆ ಯಾವ ಜೀವವೂ ಬಾಳುವುದಿಲ್ಲ.

ಅಪ್ಪ ಹೋದ ವರ್ಷ ಅವ್ವ ವ್ರತ ತೆಗೆದುಕೊಂಡಳು. ಒಂದೇ ಊಟ. ಊಟದ ಜೊತೆ ನೀರು, ಹೊತ್ತು ಮುಳುಗುವ ಮೊದಲು ಇನ್ನೊಮ್ಮೆ ನೀರು. ಅದೂ ಬಾವಿಯದು, ಹಗ್ಗದಲ್ಲಿ ಸೇದಿದ್ದು, ಸೋಸಿ ಕಾಯಿಸಿದ್ದು. ನಳದ ನೀರು ಮುಟ್ಟುವುದಿಲ್ಲ. ಗಲ್ಲಿಯಲ್ಲಿ ಎಲ್ಲರೂ ಬಾವಿ ಮುಚ್ಚಿ ಮೇಲೆ ಬೈಕು ನಿಲ್ಲಿಸಿದ್ದಾರೆ. ನಮ್ಮದು ಉಳಿದದ್ದು ಅವಳಿಗಾಗಿ.

ಕಿಡ್ನಿ ಡಾಕ್ಟರು ಮಾತ್ರ ಪ್ರತಿ ಸಲ ಅದೇ ರಾಗ — ಅಜ್ಜಿಗೆ ನೀರು ಜಾಸ್ತಿ ಕುಡಿಸ್ರಿ.

ನವೆಂಬರ್ ೨೦, ಬುಧವಾರ

ಇವತ್ತಿನ ಕ್ಲಾಸು! ನಿವೃತ್ತಿ ಆದ ಮೇಲೂ ನೆನಪಿರುತ್ತದೆ.

ಸ್ಪಂಜನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿನೊಳಗೆ ಹಿಂಡಿದರೆ ಜೀವಕೋಶ ಜೀವಕೋಶವಾಗಿ ಬೇರೆಯಾಗುತ್ತದೆ. ಮಜ್ಜಿಗೆಯಂತೆ ಕದಡಿದ ನೀರಷ್ಟೇ ಉಳಿಯುತ್ತದೆ. ಬಿಟ್ಟರೆ ಆ ಕೋಶಗಳು ತೆವಳಿ ತೆವಳಿ ಒಂದನ್ನೊಂದು ಹುಡುಕಿಕೊಂಡು ಮತ್ತೆ ಸ್ಪಂಜಾಗುತ್ತವೆ. ನಿನ್ನೆ ಮಧ್ಯಾಹ್ನ ಲ್ಯಾಬಿನಲ್ಲಿ ಹಿಂಡಿಟ್ಟಿದ್ದೆ, ಅವ್ವನ ಹಳೆ ಸೋಸುವ ಅರಿವೆಯಲ್ಲೇ. ಇವತ್ತು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉಂಡೆ ಉಂಡೆಯಾಗಿ ಕೂಡಿಕೊಂಡಿವೆ. ಹುಡುಗರು ಸಾಲು ಬಿಟ್ಟು ಮುಗಿಬಿದ್ದರು. ಹುಲಿ ಮರೆತರು.

ಕೆಮಿಸ್ಟ್ರಿಯ ನಾಗಲಿಂಗನೂ ಬಂದು ನೋಡಿದ. ಅವನೂ ನಾನೂ ಪಿಯುಸಿಯಿಂದ ಜೊತೆ. "ಕಪ್ಪಿ ಕೊಯ್ಯಾಕ ನನ್ನ ಕರೀತಿದ್ದಿ, ಈಗ ನೀನ ಹಿಂಡಾಕ ಹತ್ತೀಯಲ್ಲೋ," ಅಂದ.

"ಇದು ಸಾಯೂದಿಲ್ಲ ಮಾರಾಯಾ."

"ಹಂಗಾರ ನಿನಗ ತಕ್ಕ ಪ್ರಾಣಿ."

ಸಂಜೆ ಲ್ಯಾಬ್ ಮುಚ್ಚುವಾಗ ಉಳಿದ ಕದಡು ನೀರು ಕೈಯಲ್ಲಿ. ಅಟೆಂಡರ್ ಸಿಂಕಿಗೆ ಚೆಲ್ಲಲು ಹೊರಟಿದ್ದ. ತಡೆದೆ. ಜೀವ ಇದೆ, ಸಿಂಕಿಗೆ ಹೇಗೆ? ಹಳ್ಳಕ್ಕೆ ಮುಟ್ಟಿಸಬೇಕು, ಆದರೆ ಗುಂಜಿಗೆ ಮತ್ತೆ ಯಾರು ಹೋಗುತ್ತಾರೆ. ಟೆಸ್ಟ್ ಪೇಪರಿನ ಕಟ್ಟು ಬೇರೆ ಕಾಯುತ್ತಿದೆ. ಉದ್ಯಮಬಾಗದ ಬಸ್ಸಿನಲ್ಲಿ, ಫೌಂಡ್ರಿಯವರ ಮೊಣಕೈಗಳ ನಡುವೆ, ಬಾಟಲಿ ಎದೆಗೆ ಹಿಡಿದು ಮನೆಗೆ ತಂದೆ. ಸಣ್ಣ ಬಿಂದಿಗೆಗೆ ಸುರಿದು, ಮೆಲ್ಲಗೆ ಇಳಿಸಿ, ನೀರು ಮುಟ್ಟಿದ ಮೇಲೆ ಬೋರಲು ಮಾಡಿದೆ. ನಮ್ಮ ಬಾವಿಗೆ. ನೀರು ನೀರೇ ತಾನೆ.

ಮನಸ್ಸಿಗೆ ಹಗುರ.

ಡಿಸೆಂಬರ್ ೨೯, ರವಿವಾರ

ಬಾವಿ ನೀರು ಕನ್ನಡಿ ಆಗಿದೆ. ತಳದ ಕಲ್ಲು ಕಾಣುತ್ತದೆ. ಅವ್ವನಿಗೆ ಖುಷಿಯೋ ಖುಷಿ. "ನಿಮ್ಮ ಅಪ್ಪ ಇದ್ದಾಗ ಹಿಂಗಿತ್ತು ನೋಡು" ಎಂದು ಎರಡು ಲೋಟ ಹೆಚ್ಚಿಗೆ ಕುಡಿದಳು.

ಟಾರ್ಚ್ ಹಾಕಿ ನೋಡಿದೆ. ಬಿಸಿಲು ತಾಗುವ ಕಡೆ ಕಲ್ಲಿನ ಸಂದುಗಳಲ್ಲಿ ಹಸಿರು. ಕೆಳಗೆ ಕತ್ತಲಲ್ಲಿ ಮಾಸಲು ಬಿಳಿ. ಸುತ್ತಲೂ. ರೊಟ್ಟಿ ಬಡಿದು ಹಚ್ಚಿದ ಹಾಗೆ. ಚೂರು ಚೂರಾದದ್ದು ಚೂರಿಗೊಂದು ಸ್ಪಂಜಾಗಿದೆ. ಹಗಲೂ ರಾತ್ರಿ ನಮ್ಮ ಬಾವಿ ಸೋಸುತ್ತಿವೆ. ಹೆಮ್ಮೆ ಆಯಿತು, ಸುಳ್ಳೇಕೆ.

ಸುಹಾಸಿನಿಗೆ ತೋರಿಸಿದೆ. "ಅತ್ಯಾರಿಗಿ ಹೇಳೀರೇನು?"

"ಹೇಳತೀನಿ."

"ಯಾವಾಗ?"

ನೀರು ಚೆನ್ನಾಗಿದೆಯಲ್ಲ. ಆಮೇಲೆ ನೋಡೋಣ.

ಮಾರ್ಚ್ ೯, ರವಿವಾರ

ನಾಲ್ಕು ದಿನದಿಂದ ವಾಸನೆ. ಮೊದಲು ಇಲಿ ಬಿದ್ದಿದೆ ಅಂದುಕೊಂಡರು. ಪಾರಿವಾಳ ಇರಬೇಕು ಅಂದರು. ನನ್ನ ಮೂಗಿಗೆ ಆಗಲೇ ಗೊತ್ತಿತ್ತು.

ಬಿಸಿಲೇರಿತು, ನೀರು ಇಳಿಯಿತು, ಸ್ಪಂಜು ಸಾಯುತ್ತಿದೆ. ಬಾವಿಯ ಸುತ್ತಲೂ ಕೊಳೆಯುತ್ತಿದೆ. ಇದೆಲ್ಲ ಗೊತ್ತಿರಲಿಲ್ಲವೇ ನನಗೆ? ಪುಸ್ತಕದಲ್ಲಿದೆ. ನಾನೇ ನೋಟ್ಸ್ ಕೊಟ್ಟಿದ್ದೇನೆ.

ಅರಿವೆಯಲ್ಲಿ ಕಂದು ಕಾಳು. ಗಸಗಸೆಯಷ್ಟು. ಬೇಸಿಗೆ ಬಂದರೆ ಸ್ಪಂಜು ಸಾಯುವ ಮೊದಲು ಮೈಯೊಳಗೆ ಇಂಥ ಗುಳಿಗೆ ಕಟ್ಟಿಡುತ್ತದೆ. ಗಟ್ಟಿ ಸಿಪ್ಪೆ, ಒಳಗೆ ನಿದ್ದೆ ಹೋದ ಕೋಶಗಳು. ಒಣಗಿದರೂ ಸಾಯದು. ಮತ್ತೆ ತಂಪು ನೀರು ಸಿಕ್ಕರೆ ಒಡೆದು ಸ್ಪಂಜು. ಜೆಮ್ಯೂಲ್. ಐದು ಅಂಕದ ಪ್ರಶ್ನೆ.

ಅವ್ವ ಆ ಕಾಳುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಏನೋ ಜೀವ ಇರಬೇಕು ಎಂದು ಒಂದೂ ಬಿಡದೆ ಸಣ್ಣ ಬಿಂದಿಗೆಗೆ ತೊಳೆದು, ವಾಸನೆಗೆ ಸೆರಗು ಮೂಗಿಗಿಟ್ಟುಕೊಂಡು, ಮೆಲ್ಲಗೆ ಬಾವಿಗೆ ಇಳಿಸಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಮಾರ್ಚ್ ೧೨, ಬುಧವಾರ

ಹೇಳಿದೆ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ, ಹಿಂಡಿದ್ದು, ಬಾಟಲಿ, ಬಸ್ಸು, ಬಿಂದಿಗೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ನೀರಿನ ಜೀವ ಇನ್ನೊಂದು ನೀರಿಗಿ ಹಾಕಿದಿ," ಅಂದಳು. ಮತ್ತೆ, "ಗುಂಜಿ ಅಷ್ಟ ದೂರ ಆತೇನು ತಮ್ಮಾ?"

"ಪೇಪರ್ ತಿದ್ದೂದಿತ್ತವ್ವಾ."

ಎದ್ದು, ಕೋಟೆಯ ಬಸದಿಯ ದಿಕ್ಕಿಗೆ ತಿರುಗಿ, ಕೈ ಮುಗಿದಳು. "ಈ ಜೀವ ಎಲ್ಲಾ ತಮ್ಮ ನೀರಿಗಿ ಹೋಗಿ ಮುಟ್ಟೂತನಾ ನನಗ ದಿನಕ್ಕ ಒಂದ ಗಿಂಡಿ ನೀರು. ನಿಯಮ."

"ಅವ್ವಾ! ತಪ್ಪು ನಂದು. ನೀ ಯಾಕ?"

"ಬಾವಿ ನಂದು. ನೀನೂ ನನ್ನವನ."

ಕೈ ಹಿಡಿದುಕೊಂಡೆ. ಡಾಕ್ಟರ ಮಾತು ನೆನಪಿಸಿದೆ. ಆಗದ ಮಾತು ಅವ್ವಾ, ಕಲ್ಲು ಕಲ್ಲಿನ ಸಂದಿನಲ್ಲಿ ಕೂತಿವೆ, ಎಣಿಸಲಿಕ್ಕೆ ಬರುವುದಿಲ್ಲ ಅಂದೆ. ಎಣಿಸು ಅಂತ ಯಾರು ಹೇಳಿದರು, ಒಯ್ಯು ಅಂದಳು.

ಒಂದು ಗಿಂಡಿ! ಅಂಗೈ ತುಂಬುವಷ್ಟು.

ಮಾರ್ಚ್ ೧೪, ಶುಕ್ರವಾರ

ಕುಡಿಯುವ ಗಿಂಡಿ ನೀರು ಈಗ ಶಹಾಪುರದ ಪ್ರಮಿಳಾ ಅತ್ತೆಯ ಬಾವಿಯಿಂದ. ಸುಹಾಸಿನಿ ದಿನಾ ಬೆಳಿಗ್ಗೆ ಸ್ಕೂಟಿಯಲ್ಲಿ ಹೋಗಿ, ಅಲ್ಲೇ ಸೋಸಿ, ಉಳಿದದ್ದು ಅಲ್ಲೇ ಬಿಟ್ಟು, ಅಲ್ಲೇ ಕಾಯಿಸಿ ತರುತ್ತಾಳೆ. ದೊಡ್ಡ ಡಬ್ಬಿ ತುಂಬ ತರುತ್ತಾಳೆ. ಅವ್ವ ಒಂದು ಗಿಂಡಿ ಕುಡಿದು ಉಳಿದದ್ದನ್ನು ತುಳಸಿಗೆ ಕಳಿಸುತ್ತಾಳೆ.

ನಾಗಲಿಂಗನಿಗೆ ಹೇಳಿದೆ. "ಇದಕ್ಯಾಕಿಷ್ಟ ತಲಿ ಕೆಡಿಸಿಕೊಂಡಿ? ಒಂದ ಪಾಕೀಟ ಬ್ಲೀಚಿಂಗ್ ಪೌಡರ್ ಒಗಿ. ಎರಡ ದಿನಕ್ಕ ಬಾವಿ ಸ್ವಚ್ಛ. ನಿಮ್ಮ ಅವ್ವಾರಿಗಿ ಎಲ್ಲಾ ಗುಂಜಿಗಿ ಒಯ್ದೆ ಅಂತ ಹೇಳು."

ಲ್ಯಾಬಿನಿಂದ ತಾನೇ ತಂದು ನನ್ನ ಬ್ಯಾಗಿನಲ್ಲಿಟ್ಟ. ಮನೆವರೆಗೆ ಬಂತು. ಬಾವಿಕಟ್ಟೆವರೆಗೂ ಬಂತು. ಬಾವಿಯೊಳಗೆ ಮೀನಿವೆ, ಚಿಕ್ಕಂದಿನಲ್ಲಿ ನಾನೇ ಹೆಸರಿಟ್ಟ ಆಮೆ ಇದೆ. ಅವೆಲ್ಲ ಸಾಯುತ್ತವೆ. ಆ ಹಾಳು ಗುಳಿಗೆಗಳು ಮಾತ್ರ ಸಿಪ್ಪೆ ಮುಚ್ಚಿಕೊಂಡು ಬದುಕಿದರೂ ಬದುಕಿಯಾವು. ವಾಪಸ್ ಕೊಟ್ಟೆ. ಅಹಿಂಸೆ ಎಂದು ಕೊಟ್ಟೆನೋ, ಉಪಯೋಗವಿಲ್ಲ ಎಂದು ಕೊಟ್ಟೆನೋ — ನನಗೇ ತಿಳಿಯದು.

ಮಾರ್ಚ್ ೩೦, ರವಿವಾರ. ರೈಲಿನಲ್ಲಿ

ಮೂರನೇ ಸಲ. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ವಾರವಿಡೀ ಸೋಸಿ ಕೂಡಿಸಿದ ಗುಳಿಗೆ, ಕೊಳೆತ ಚೂರು. ಎದುರಿನ ಹೆಂಗಸು ಮೂಗು ಮುಚ್ಚಿಕೊಂಡು ಮರಾಠಿಯಲ್ಲಿ ಮಗಳಿಗೆ ಏನೋ ಹೇಳಿದಳು. ಖಾನಾಪುರದಲ್ಲಿ ಇಬ್ಬರೂ ಬೇರೆ ಬೋಗಿಗೆ ಹೋದರು. ಸರಿಯೇ.

ಹಳ್ಳವೂ ಬತ್ತಿದೆ. ಮಡುವಿನಲ್ಲಷ್ಟೇ ನೀರು. ತಂದ ಕಲ್ಲನ್ನು ಎಲ್ಲಿಂದ ಎತ್ತಿದ್ದೆನೋ ಹುಡುಕಿ ಇಟ್ಟೆ. ಗುಳಿಗೆಗಳನ್ನು ಕೈಯಿಂದ ನೀರಿಗೆ ಬಿಟ್ಟೆ. ಕೆಲವು ತೇಲಿದವು, ಕೆಲವು ಮುಳುಗಿದವು. ಈ ಹಳ್ಳದ ಕಲ್ಲಿಗೆಲ್ಲ ಇಂಥವೇ ಲೆಕ್ಕವಿಲ್ಲದಷ್ಟು ಅಂಟಿವೆ. ನಾನು ತಂದದ್ದು ಅದಕ್ಕೆ ಬೇಕಿಲ್ಲ, ನನ್ನ ಅವ್ವನಿಗೆ ಬೇಕು.

ಏಪ್ರಿಲ್ ೬, ರವಿವಾರ. ಆಸ್ಪತ್ರೆ

ನಿನ್ನೆ ಮಧ್ಯಾಹ್ನ ಅವ್ವ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಕ್ರಿಯಾಟಿನಿನ್ ಏರಿದೆ. ಡಾಕ್ಟರು ಹೊರಗೆ ಕರೆದು, "ಸರ್, ನೀವು ಕಲಿತವರು, ಲೆಕ್ಚರರ್, ನೀವರ ತಿಳಿಸಿ ಹೇಳ್ರಿ," ಅಂದರು. ತಲೆ ಆಡಿಸಿದೆ. ಹೀಗೇ ಮುಂದುವರಿದರೆ ಮಳೆಗಾಲದ ಹೊತ್ತಿಗೆ ಡಯಾಲಿಸಿಸ್. ಅದನ್ನು ಅವಳು ಒಪ್ಪುವುದಿಲ್ಲ, ಅದೂ ಗೊತ್ತು.

ಸಲೈನ್ ಹಚ್ಚಿದರು. ಅವ್ವ ಬಾಟಲಿಯನ್ನೇ ದಿಟ್ಟಿಸಿದಳು.

"ಇದು ಯಾವ ಬಾವಿ ನೀರು?"

ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ. "ಔಷಧ ಐತಿ ಅವ್ವಾ. ಬಾಯಿಲೆ ಹೋಗೂದಿಲ್ಲ."

"ಬಾಯಿಲ್ದ ಒಳಗ ಹೋಗತೈತಿ, ನಿನ್ನ ಪ್ರಾಣಿಗಿ ಹೋದಂಗ." ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡೆ. ಆಮೇಲೆ ಕೇಳಿದಳು, "ತಮ್ಮಾ, ಅದಕ್ಕ ನೀರಡಿಕಿ ಆಗತೈತೇನು?"

"ಇಲ್ಲವ್ವಾ. ನರ ಇಲ್ಲ. ಏನೂ ತಿಳಿಯೂದಿಲ್ಲ ಅದಕ್ಕ."

"ಹಂಗಾರ ನನಗ ಆಗೂದು ಅದಕ್ಕ ಆಗೂದಿಲ್ಲ. ಒಳ್ಳೇದಾತು."

ಹೊರಗೆ ಹೋಗಿ ಕಾರಿಡಾರಿನ ಕಿಟಕಿಗೆ ಮುಖ ಮಾಡಿ ಅತ್ತೆ. ಯಾರೋ ಕ್ಯಾಂಟೀನ್ ಎಲ್ಲಿ ಎಂದು ಕೇಳಿದರು, ತೋರಿಸಿದೆ.

ಏಪ್ರಿಲ್ ೧೦, ಗುರುವಾರ. ಮಹಾವೀರ ಜಯಂತಿ

ನನ್ನ ಹೆಸರಿನ ಹಬ್ಬ. ಹೆಸರಿಟ್ಟವಳು ಮಂಚದ ಮೇಲೆ. ಮೊನ್ನೆ ಮನೆಗೆ ತಂದೆವು. ಕೋಟೆಯ ಕಮಲ ಬಸದಿಗೆ ಕರೆದುಕೊಂಡು ಹೋಗು ಅಂದಳು, ಆಟೋದಲ್ಲಿ ಹೋದೆವು. ಮೆಟ್ಟಿಲು ಹತ್ತಲು ಆಗಲಿಲ್ಲ. ಕೆಳಗೇ ಕುಳಿತು ಕೈ ಮುಗಿದಳು.

ನಾನೂ ಕೈ ಮುಗಿದೆ. ಏನು ಬೇಡಿಕೊಳ್ಳಬೇಕು? ಆ ಗುಳಿಗೆಗಳು ಸತ್ತುಹೋಗಲಿ ಎಂದು ತೀರ್ಥಂಕರರ ಎದುರು ಬೇಡಿಕೊಳ್ಳಲಿಕ್ಕೆ ಬರುತ್ತದೆಯೇ?

ಪರಿಚಯದ ಪಂಡಿತರೊಬ್ಬರು ಸಿಕ್ಕರು. ನಿಯಮ ಸಡಿಲಿಸಲಿಕ್ಕೆ ಬರುತ್ತದೆಯೇ ಎಂದು ಕೇಳಿದೆ. "ತಗೊಂಡವರ ಮನಸ್ಸು ರೀ ಸರ್," ಅಂದರು. ಆಟೋದಲ್ಲಿ ಅವ್ವ ಕೇಳಿದಳು, "ಪಂಡಿತರ ಕಡೆ ವಶೀಲಿ ಹಚ್ಚಾಕ ಹೋಗಿದ್ದೇನು?"

ಏಪ್ರಿಲ್ ೨೦, ರವಿವಾರ. ಸಂಜೆ

ಬಾವಿ ಬರಿದು ಮಾಡಿಸಿದೆವು. ಬಾವಿ ಕೆಲಸದವರು ಬಂದು ಪಂಪು ಇಳಿಸಿದರು. ಆಮೆ, ಮೀನು ಅದೇ ನೀರು ತುಂಬಿದ ತೊಟ್ಟಿಯಲ್ಲಿ. ನಾನೂ ಇಳಿದೆ. ತೆಂಗಿನ ನಾರಿನಿಂದ ಕಲ್ಲು ಕಲ್ಲು ತಿಕ್ಕಿದೆವು. ಕೆರೆದದ್ದನ್ನೆಲ್ಲ ಡ್ರಮ್ಮಿಗೆ. ಸ್ಪಂಜಿನ ಎಲುಬು ಎಂದರೆ ಗಾಜಿನಂಥ ಸೂಜಿಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಕೈ, ಕುತ್ತಿಗೆ, ಎಲ್ಲ ತುರಿಕೆ. ಕಣ್ಣು ಕೆಂಪು. ಕೆಲಸದವರು, "ಏನ್ ಸರ್, ಬಾವ್ಯಾಗ ಗಾಜಿನ ಪುಡಿ ಹಾಕೀರೇನು?" ಎಂದು ಕೇಳಿದರು.

ನಾಗಲಿಂಗ ಉದ್ಯಮಬಾಗದಿಂದ ತನ್ನ ಅಳಿಯನ ಟೆಂಪೋ ತಂದ. ಡ್ರಮ್ಮುಗಳನ್ನು ಗುಂಜಿಗೆ ಒಯ್ದೆವು. ಹಳ್ಳದ ದಂಡೆಯಲ್ಲಿ ಅವನೂ ಪ್ಯಾಂಟು ಮಡಚಿ ನಿಂತು, ಎತ್ತರದಿಂದ ಸುರಿಯದೆ, ಬಗ್ಗಿ ಬಗ್ಗಿ ಬಿಟ್ಟ. ನಾನು ಹೇಳಿರಲಿಲ್ಲ.

"ನಮ್ಮವ್ವ ಇದ್ದಿದ್ರ ಇಷ್ಟ ಮಾಡತಿದ್ನೋ ಇಲ್ಲೋ," ಅಂದ.

ಮೇ ೪, ರವಿವಾರ

ಬಾವಿಯಲ್ಲಿ ಸೆಲೆ ಒಡೆದು ಮೊಣಕಾಲುದ್ದ ನೀರು ನಿಂತಿದೆ. ವಾಸನೆ ಇಲ್ಲ. ಎರಡು ವಾರದಿಂದ ಅರಿವೆ ಸ್ವಚ್ಛ. ಒಂದು ಕಾಳೂ ಇಲ್ಲ. ಅವ್ವನ ಮುಂದೆ ಅರಿವೆ ಹಾಸಿದೆ. ಹೆಬ್ಬೆರಳಿನಿಂದ ಮೂಲೆ ಮೂಲೆ ಸವರಿದಳು.

"ಮುಗೀತವ್ವಾ. ನೀರು ಕುಡಿ ಇನ್ನ."

"ನೀನ ಹೇಳಿದಿ, ಹೊಸ ನೀರು ಬಂದ್ರ ಅವು ಏಳತಾವು ಅಂತ."

ಯಾಕೆ ಹೇಳಿದೆನೋ! ಪಾಠ ಮಾಡುವ ಚಟ. ಪೊರಿಫೆರಾದ ಜೀವನಚಕ್ರವನ್ನು ಅಡುಗೆಮನೆಯಲ್ಲಿ ಕೂತು ಅವ್ವನಿಗೆ ಒಪ್ಪಿಸಿದ್ದೆ.

"ಮಳಿ ಬರ್ಲಿ. ಬಾವಿ ತುಂಬಲಿ. ಆಮ್ಯಾಲ ನೋಡೂಣು," ಅಂದಳು. ತುಟಿ ಒಡೆದಿವೆ. ಸುಹಾಸಿನಿ ತುಪ್ಪ ಸವರಿದಳು.

ಮೇ ೨೨, ಗುರುವಾರ. ಬೆಳಿಗ್ಗೆ

ಮಳೆ ಈ ಸಲ ಬೇಗ ಬಂತು. ಮೂರು ದಿನದಿಂದ ಹಿಡಿದಿದೆ. ಬಾವಿ ಅರ್ಧಕ್ಕೆ ಬಂದಿದೆ.

ಇಂದು ಅವ್ವನಿಗಿಂತ ಮೊದಲೇ ಎದ್ದು ನಾನೇ ಸೇದಿದೆ. ಸೋಸಿದೆ. ಅರಿವೆ ಬೆಳಕಿಗೆ ಹಿಡಿದೆ.

ಇವೆ.

ಬಹಳ ಇಲ್ಲ. ಆದರೆ ಇವೆ. ಕೆಲವು ಕಂದು, ಕೆಲವು ಒಡೆದ ಸಿಪ್ಪೆ. ಸಿಪ್ಪೆ ಒಡೆದಿದೆ ಎಂದರೆ ಒಳಗಿದ್ದದ್ದು ಹೊರಗೆ ಬಂದು ಯಾವುದೋ ಕಲ್ಲು ಹಿಡಿದಾಗಿದೆ. ಬಾವಿಕಟ್ಟೆಯ ಮೇಲೆ ಕುಳಿತೆ. ಈ ಪ್ರಾಣಿಗೆ ಹಟ ಇಲ್ಲ, ಬುದ್ಧಿ ಇಲ್ಲ, ನನ್ನ ಮೇಲೆ ಸಿಟ್ಟೂ ಇಲ್ಲ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಒಳಗಿಂದ ಅವ್ವ ಕೂಗಿದಳು. "ಅರಿವ್ಯಾಗ ಏನರ ಬಂತೇನೋ?"

"ಏನೂ ಇಲ್ಲವ್ವಾ," ಅಂದೆ.

"ಖರೇ?"

"ಖರೇ."

ಮಧ್ಯಾಹ್ನ

ಊಟದ ಜೊತೆ ಕುಡಿದಳು. ಒಂದು ಲೋಟ. ಇನ್ನೊಂದು. ಕಣ್ಣು ಮುಚ್ಚಿ, ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಸುಹಾಸಿನಿ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟ ಸೀ ಐತಿ ನೋಡು ನಮ್ಮ ಬಾವಿ ನೀರು," ಅಂದಳು ಅವ್ವ.

ಬದುಕಿನಲ್ಲಿ ಇಷ್ಟು ಸಂತೋಷ, ಇಷ್ಟು ಹೇಸಿಗೆ ಒಟ್ಟಿಗೆ ಆದದ್ದಿಲ್ಲ.

ಮೇ ೨೬, ಸೋಮವಾರ

ದಿನಾ ನಾನೇ ಸೇದುತ್ತೇನೆ. ವಯಸ್ಸಾಯಿತು, ನೀ ಎದ್ದೇಳಬೇಡ ಎಂದು ಅವ್ವನಿಗೆ ಹೇಳಿದ್ದೇನೆ. ಕಾಳು ಡಬ್ಬಿಗೆ, ಡಬ್ಬಿ ಬ್ಯಾಗಿಗೆ. ಸುಹಾಸಿನಿಗೆ ಗೊತ್ತು. ಕೇಳುವುದಿಲ್ಲ.

ಅವ್ವ ಮೂರು ಹೊತ್ತಿನಷ್ಟು ನೀರನ್ನು ಎರಡು ಹೊತ್ತಿನಲ್ಲಿ ಕುಡಿಯುತ್ತಿದ್ದಾಳೆ. ಮುಖಕ್ಕೆ ಕಳೆ ಬಂದಿದೆ. ರಕ್ತ ಟೆಸ್ಟಿಗೆ ಕೊಟ್ಟೆವು, ಸ್ವಲ್ಪ ಇಳಿದಿದೆ. ಡಾಕ್ಟರು ನನ್ನ ಬೆನ್ನು ತಟ್ಟಿದರು, "ಅಂತೂ ತಿಳಿಸಿ ಹೇಳಿದ್ರಲ್ಲ ಸರ್."

ಮೇ ೩೦, ಶುಕ್ರವಾರ. ಸಂಜೆ

ಕಾಲೇಜಿನಲ್ಲಿ ಅಡ್ಮಿಷನ್ ಕೆಲಸ ಇದೆ ಎಂದು ಹೇಳಿ ಬೆಳಿಗ್ಗೆ ಹೊರಟೆ. ಗುಂಜಿಗೆ. ಹಳ್ಳ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯಿಂದಲೇ ಬಿಟ್ಟು ಬಂದೆ.

ಬಂದಾಗ ಅವ್ವ ಬಾವಿಕಟ್ಟೆಯ ಮೇಲೆ. ಮಡಿಲಲ್ಲಿ ಸೋಸುವ ಅರಿವೆ. ನಾನು ತೊಳೆದು ಒಣಗಹಾಕಿದ್ದೆ. ಅಂಚಿನ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಾಳು ನೋಡಿರಲಿಲ್ಲ. ಅವಳ ಹೆಬ್ಬೆರಳು ಅಲ್ಲೇ ನಿಂತಿತ್ತು.

"ಕಾಲೇಜಿಗಿ ಹೋಗಿದ್ದೇನು ತಮ್ಮಾ?"

"ಹೌದವ್ವಾ."

"ಗುಂಜಿ ಕಡೆ ಮಳಿ ಹೆಂಗೈತಿ?"

ಪ್ಯಾಂಟಿಗೆ ಮೊಣಕಾಲವರೆಗೆ ಕೆಂಪು ಕೆಸರು. ಅದನ್ನು ಕಾಣಲು ಕಣ್ಣು ಬೇಕಿಲ್ಲ, ಹಸಿ ವಾಸನೆಯೇ ಹೇಳುತ್ತದೆ.

"ಜೋರ ಐತಿ," ಅಂದೆ.

ಅವಳ ಪಕ್ಕದಲ್ಲಿ ಲೋಟ ಇತ್ತು. ಹೊತ್ತು ಮುಳುಗುವ ಮೊದಲಿನ ನೀರು. ತುಂಬಿದ ಲೋಟ. ಮುಟ್ಟಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು.

"ನೀ ಕುಡಿ. ದಣದ ಬಂದಿ."

"ನಿನಗ, ಅವ್ವಾ?"

"ನನ್ನ ಗಿಂಡಿ ಮಧ್ಯಾಹ್ನನ ಆತು."

ಬೈ ಅವ್ವಾ, ಹೊಡಿ ಅಂದೆ. ಲೋಟ ಚಾಚಿಕೊಂಡೇ ಇದ್ದಳು. 

ಕುಡಿದೆ. ಪೂರ್ತಿ. ಸಿಹಿಯಾಗಿಯೇ ಇತ್ತು.

ಮೇ ೩೧, ಶನಿವಾರ. ಬೆಳಿಗ್ಗೆ ೬

ಅವ್ವ ಸ್ನಾನ ಮಾಡಿ ಬಿಳಿ ಸೀರೆ ಉಟ್ಟು ತಯಾರಾಗಿ ಕುಳಿತಿದ್ದಾಳೆ. ತಾನೂ ಗುಂಜಿಗೆ ಬರುತ್ತಾಳಂತೆ. ಡಬ್ಬಿ ತಾನೇ ಹಿಡಿಯುತ್ತಾಳಂತೆ. ಸುಹಾಸಿನಿ ಅಳುತ್ತಿದ್ದಾಳೆ. ನಾಗಲಿಂಗ ಫೋನಿನಲ್ಲಿ ಕಾರು ತರುತ್ತೇನೆ ಅಂದ, ಬೇಡ, ರೈಲೇ ಸಾಕು ಅಂದಳು. ಅಷ್ಟು ದೂರದ ಪ್ರಯಾಣವನ್ನು ಆಕೆಯ ಮೈ ತಡೆಯುವುದಿಲ್ಲ. ಯಾರ ಮಾತೂ ಕೇಳುವುದಿಲ್ಲ.

ಹೋಗುವ ಮೊದಲು ಇವತ್ತಿನದನ್ನೂ ಸೋಸಿಕೊಂಡು ಬಾ ಅಂದಳು. ಮಳೆ ನಿಂತಿದೆ. ಒಂದು ಕೊಡ ಸೇದಿದೆ. ಮೆಲ್ಲಗೆ ಸುರಿದೆ. ಅರಿವೆ ತೆಗೆದು ಬೆಳಕಿಗೆ ಹಿಡಿಯಬೇಕು. ಹಿಡಿಯಲು ಕೈ ಬರುತ್ತಿಲ್ಲ. ಒಳಗಿನಿಂದ ಕೂಗುತ್ತಿದ್ದಾಳೆ, ಏನರ ಬಂತೇನೋ ಎಂದು. ಅವ್ವಾ, ಇದರಲ್ಲಿ ಏನೇ ಬಂದಿರಲಿ, ಈ ಸಲ ಖರೇನೇ ಹೇಳುತ್ತೇನೆ.